ಮನೆ ಟಿಕೆಟ್ಟು

ನಾನು ಮದುವೆಯಾಗಿ ಬಂದ ಊರಿನಲ್ಲಿ ದಸರಾ ರಜೆಯ ಸಿನಿಮಾಕ್ಕೆ ಹೋಗುವುದೆಂದರೆ ಮನೆಗೆ ಬೀಗ ಹಾಕಿಕೊಂಡು ಹೋಗುವುದು ಎಂದೇ ಅರ್ಥ. ಒಬ್ಬರನ್ನೂ ಹಿಂದೆ ಬಿಡುವಂತಿಲ್ಲ. ಕಳ್ಳರ ಭಯವೇನೂ ಇಲ್ಲ, ಅವರೂ ತಮ್ಮ ಹೆಂಡಿರು ಮಕ್ಕಳೊಂದಿಗೆ ಯಾವುದೋ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ವರ್ಷದ ಬೇರೆ ದಿನಗಳಲ್ಲಿ ಯಾರು ಬೇಕಾದರೂ ಒಬ್ಬೊಬ್ಬರೇ ಹೋಗಿ ಪಿಕ್ಚರು ನೋಡಿ ಬರಬಹುದು. ರಜೆಯಲ್ಲಿ ಮಾತ್ರ ಟಾಕೀಸಿನವರು ಮನೆ ಟಿಕೆಟ್ಟು ಕೊಡುತ್ತಾರೆ. ಒಂದು ಮನೆಗೆ ಒಂದೇ ಟಿಕೆಟ್ಟು, ಒಂದೇ ಸಾಲು. ಮನೆಯವರೆಲ್ಲ ಬಂದು ಕೂರುವ ತನಕ ಯಂತ್ರ ತಿರುಗುವುದಿಲ್ಲ. ತಿರುಗುತ್ತಿರುವಾಗ ಅವರಲ್ಲಿ ಯಾರಾದರೂ ಎದ್ದು ಹೊರಗೆ ಹೋದರೆ ನಿಂತುಬಿಡುತ್ತದೆ. ಆ ಮನೆಯವರಿಗೆ ಮಾತ್ರವಲ್ಲ, ಇಡೀ ಟಾಕೀಸಿಗೆ.

ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಊರಿನವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಲಕ್ವ ಹೊಡೆದ ತಾತಂದಿರನ್ನು ಮಂಚದ ಸಮೇತ ಹೊತ್ತು ತಂದು ಸಾಲಿನ ಪಕ್ಕಕ್ಕೆ ಇಳಿಸುತ್ತಿದ್ದರು. ಒಳಗೆ ಹೋಗುವ ಮುಂಚೆ ಮಕ್ಕಳನ್ನೆಲ್ಲ ಹಿಂದಿನ ಗೋಡೆಯ ಬದಿಗೆ ಕರೆದುಕೊಂಡು ಹೋಗಿ, ಬಂದರೂ ಬರದಿದ್ದರೂ ಒಂದಕ್ಕೆ ಕೂರಿಸುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗಿಯನ್ನು ಮೊದಲ ವರ್ಷ ತವರಿನ ಸಾಲೂ ಕೇಳುತ್ತದೆ, ಗಂಡನ ಮನೆಯ ಸಾಲೂ ಕೇಳುತ್ತದೆ. ಅದಕ್ಕೆ ಬೀಗರು ಬೀಗರು ಮಾತಾಡಿಕೊಂಡು ಬೇರೆ ಬೇರೆ ದಿನ ಗೊತ್ತುಮಾಡಿಕೊಳ್ಳುತ್ತಿದ್ದರು. ದೂರ ಹೋದ ಮಕ್ಕಳ ವಿಷಯ ಮಾತ್ರ ಯಾರೂ ಮುಂಚಿತವಾಗಿ ಹೇಳುವಂತಿರಲಿಲ್ಲ. ಕೆಲವು ಮನೆಗಳಿಗೆ ಮಗ ಮಿಲಿಟರಿಗೆ ಹೋದ ವರ್ಷವೇ ಅವನಿಲ್ಲದೆ ಪಿಕ್ಚರು ಓಡಿಬಿಡುತ್ತದೆ, ಆಗ ಅವನ ತಾಯಿ ತಮಾಷೆಯ ಸೀನಿನಲ್ಲೂ ಕಣ್ಣೊರೆಸಿಕೊಳ್ಳುತ್ತಾ ಕೂತಿರುತ್ತಾಳೆ. ಕುಲುಮೆ ರಾಚಪ್ಪನ ಮನೆಯವರು ಮಾತ್ರ ಮಗ ಊರು ಬಿಟ್ಟು ಹೋದಾಗಿನಿಂದ ಪ್ರತಿ ರಜೆಯಲ್ಲೂ ವರಾಂಡದಲ್ಲಿ ಕೂತೇ ಕೇಳುತ್ತಾರೆ. ಅವರಿಗೆ ಎಲ್ಲ ಹಾಡುಗಳೂ ಬಾಯಿಪಾಠ, ಹಾಡಿದವಳ ಮುಖ ಒಂದು ಗೊತ್ತಿಲ್ಲ. ಸತ್ತವರನ್ನು ಯಂತ್ರ ಕೇಳುವುದಿಲ್ಲ. ಅಷ್ಟು ಮರ್ಯಾದೆ ಅದಕ್ಕಿದೆ.

ನನ್ನ ಯಜಮಾನರು ಗುರುಮಲ್ಲಪ್ಪನವರು, ಅವರಿಗೆ ನಾನು ಎರಡನೆಯವಳು. ಮೊದಲನೆಯವಳು ಶಶಿರೇಖಾ, ಜ್ವರ ಬಂದು ಹೋಗಿ ಮೂರು ವರ್ಷವಾಗಿತ್ತು. ಅವಳ ಮಗಳು ನೀಲು, ಒಂಬತ್ತು ವರ್ಷದ ಗಂಭೀರ ಹುಡುಗಿ. ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದಳು, ಬಹುವಚನದಲ್ಲಿ ಮಾತಾಡಿಸುತ್ತಿದ್ದಳು, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಜಗಳ ಆಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೆಂಟರ ಮನೆಗೆ ಬಂದ ಮಗು ಹೇಗಿರುತ್ತದೋ ಹಾಗಿದ್ದಳು, ಅದೂ ತನ್ನ ಮನೆಯಲ್ಲೇ.

ಆ ಸಲದ ರಜೆಯ ಪಿಕ್ಚರು ಆನೆಯದು. ಬ್ಯಾಂಡ್‌ಸೆಟ್ಟಿನವರ ಮನೆಗೆ ಒಂದು ಮರಿಯಾನೆ ಬಂದು ಸೇರಿಕೊಳ್ಳುತ್ತದೆ, ದೊಡ್ಡದಾಗುತ್ತದೆ, ಬಾಗಿಲಲ್ಲಿ ತೂರದಂತಾಗುತ್ತದೆ, ಕೊನೆಗೆ ತುಂಬಿದ ಹೊಳೆ ದಾಟಿ ಕಾಡಿಗೆ ಹೋಗಬೇಕಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಹೊಳೆ ದಾಟಿತೋ ಇಲ್ಲವೋ ಎಂಬುದನ್ನು ಬೇರೆ ಊರಿನಲ್ಲಿ ನೋಡಿ ಬಂದವರು ಹೇಳುತ್ತಿರಲಿಲ್ಲ. ಮೊದಲ ದಿನವೇ ಹೋಗಬೇಕೆಂದು ನೀಲು ಕುಣಿದಳು. ನಾನು ಬಂದ ಮೇಲೆ ಅವಳು ಕುಣಿದದ್ದನ್ನು ನೋಡಿದ್ದು ಅದೇ ಮೊದಲು. ಇವರು, ಅತ್ತೆ, ನೀಲು, ನಾನು, ನಾಲ್ಕೂ ಜನ ಹೊಸ ಬಟ್ಟೆ ಹಾಕಿಕೊಂಡು ಮ್ಯಾಟಿನಿಗೆ ಹೋಗಿ ಸಾಲಿನಲ್ಲಿ ಕೂತೆವು.

ದೀಪ ಆರಿತು. ಪರದೆ ಬೆಳಗಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ತಾಳ್ಮೆಯಿಂದ ಕಾದರು, ಆಮೇಲೆ ಶಿಳ್ಳೆ ಹೊಡೆದರು. ಗೇಟಿನ ಚಂದ್ರಯ್ಯ ಟಾರ್ಚು ಹಿಡಿದು ಬಂದ. ಯಾವ ಮನೆಯಲ್ಲಿ ಜನ ಕಡಿಮೆಯಿದ್ದಾರೆಂದು ಪತ್ತೆ ಹಚ್ಚುವುದಕ್ಕೆ ಆ ಊರಿನಲ್ಲಿ ಒಂದು ಕ್ರಮವಿದೆ. ಒಂದೊಂದೇ ಮನೆಯವರನ್ನು ಎಬ್ಬಿಸಿ ವರಾಂಡಕ್ಕೆ ಕಳಿಸುವುದು. ಯಾರು ಹೊರಗೆ ಹೋದ ತಕ್ಷಣ ಪಿಕ್ಚರು ಶುರುವಾಗುತ್ತದೋ ಅವರ ಮನೆಯಲ್ಲಿ ಯಾರೋ ಇಲ್ಲ. ಅಕ್ಕಿ ಅಂಗಡಿಯವರು ಹೋಗಿ ಬಂದರು, ಪೋಸ್ಟ್‌ಮ್ಯಾನ್ ಮನೆಯವರು ಹೋಗಿ ಬಂದರು. ನಾವು ನಗುನಗುತ್ತಲೇ ಎದ್ದು ಹೋದೆವು. ಬಾಗಿಲು ಮುಚ್ಚಿತು, ಒಳಗೆ ಬ್ಯಾಂಡು ಬಾರಿಸಿತು.

ಆ ಬ್ಯಾಂಡಿನ ಸದ್ದು ಕೇಳಿದಾಗ ನನಗಾದ ಅವಮಾನ ಅಷ್ಟಿಷ್ಟಲ್ಲ. ಅತ್ತೆ ಸೆರಗು ಹೊದ್ದು ಮೆಟ್ಟಿಲಿಳಿದರು. ಇವರು ಕನ್ನಡಕ ತೆಗೆದು ಒರೆಸಿದರು. ರಾಚಪ್ಪನ ಹೆಂಡತಿ ವರಾಂಡದ ಬೆಂಚಿನಲ್ಲಿ ಸರಿದು ಕೂತು, "ಬನ್ನಿ, ಇಲ್ಲೂ ಚೆನ್ನಾಗೇ ಕೇಳ್ಸುತ್ತೆ" ಅಂದಳು. ನೀಲು ಮಾತ್ರ ಬಾಗಿಲಿಗೆ ಕಿವಿಯಿಟ್ಟು ನಿಂತುಬಿಟ್ಟಳು. ಅಲ್ಲಿಂದ ಎಳೆದುಕೊಂಡು ಹೊರಡುವಷ್ಟರಲ್ಲಿ ಸಾಕಾಯಿತು.

ಮನೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. "ನನ್ನಿಂದ್ಲೇ ಹೀಗಾಯ್ತೇನೋ ಅತ್ತೆ."

"ನಿನ್ನಿಂದ ಯಾಕಾಗ್ತದೆ?" ಅಂದರು ಅತ್ತೆ. "ಹೆಚ್ಚಿಗೆ ಒಬ್ರು ಕೂತ್ರೆ ಅದು ತಲೆ ಕೆಡಿಸ್ಕೊಳಲ್ಲ. ನೆಂಟ್ರು ಇಷ್ಟ್ರು ಬಂದಿದ್ರೂ ಓಡ್ತದೆ. ಕಮ್ಮಿಯಾದ್ರೆ ಮಾತ್ರ ನಿಲ್ತದೆ."

ಸಮಾಧಾನಕ್ಕೆ ಹೇಳಿದ ಮಾತು. ಆದರೆ ಅದರಲ್ಲಿ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ಹೆಚ್ಚಿಗೆ ಒಬ್ಬರು. ಹಾಗಾದರೆ ನಾನು ಲೆಕ್ಕದಲ್ಲಿದ್ದೇನೋ, ನೆಂಟಳೋ? ಸಾಲಿನಲ್ಲಿ ಕೂತರೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಪಿಕ್ಚರು ಓಡುತ್ತಿರುವಾಗ ನಾನೊಬ್ಬಳೇ ಎದ್ದು ಹೊರಗೆ ಹೋಗಿ ನೋಡಬೇಕು. ನಿಂತರೆ ನಾನು ಈ ಮನೆಯವಳು, ನಿಲ್ಲದಿದ್ದರೆ ಅಡುಗೆ ಮಾಡಿಕೊಂಡಿರುವ ಒಬ್ಬ ಹೆಂಗಸು. ಚಿಕ್ಕಂದಿನಿಂದ ನನ್ನದು ಹಾಳು ಕುತೂಹಲ. ಗಡಿಯಾರದ ಹಿಂಭಾಗ ಬಿಚ್ಚಿ ಅಪ್ಪನಿಂದ ಏಟು ತಿಂದವಳು. ಇದನ್ನು ತಿಳಿದುಕೊಳ್ಳದೆ ಇರಲಾರೆ ಎಂದು ಆವತ್ತೇ ನನಗೆ ಗೊತ್ತಾಯಿತು. ಆದರೆ ಅದಕ್ಕೆ ಮೊದಲು ಪಿಕ್ಚರು ಓಡಬೇಕಲ್ಲ.

ಇಲ್ಲದಿರುವ ಆ ಒಬ್ಬರು ಯಾರು ಎಂದು ಮನೆಯಲ್ಲಿ ಹುಡುಕಾಟ ಶುರುವಾಯಿತು. ಇವರು ಪಕ್ಕದೂರಿನಿಂದ ತಮ್ಮನನ್ನು ಕರೆಸಿದರು. ಬೇರೆ ಒಲೆ ಹೂಡಿ ಹತ್ತು ವರ್ಷವಾದ ತಮ್ಮ ತನ್ನನ್ನು ಅಣ್ಣ ಇನ್ನೂ ನೆನೆಯುತ್ತಾನೆಂದು ಉಬ್ಬಿಹೋಗಿ, ಮೈಸೂರುಪಾಕು ಹಿಡಿದುಕೊಂಡು ಬಂದ. ಪಿಕ್ಚರು ಓಡಲಿಲ್ಲ. ಅವನು ಮುಖ ಸಣ್ಣಗೆ ಮಾಡಿಕೊಂಡು ಸಂಜೆಯ ಬಸ್ಸು ಹತ್ತಿದ, ಮೈಸೂರುಪಾಕಿನ ಡಬ್ಬ ವಾಪಸ್ಸು ಕೇಳಲಿಲ್ಲ ಎಂಬುದೊಂದೇ ಪುಣ್ಯ. ಮಹಡಿಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮೇಷ್ಟರನ್ನು ಕರೆದುಕೊಂಡು ಹೋದೆವು. ಅವರು ನಮ್ಮ ಸಾಲಿನಲ್ಲಿ ಕೂತ ಕೂಡಲೇ ಅತ್ತೆಯ ಕಡೆಗೆ ತಲೆ ವಾಲಿಸಿ ನಿದ್ದೆ ಹೋದರು. ಓಡಲಿಲ್ಲ. ಮನೆಯ ಕೆಲಸದ ಪುಟ್ಟಮಾದಿಯನ್ನು ಕೇಳಿದೆವು. "ನಾನು ನಮ್ಮನೆ ಸಾಲಲ್ಲಿ ನೋಡಾಯ್ತು ಕಣಮ್ಮ. ನಿಮ್ಗೆ ನಾನು ಬೇಕಾಗಿದ್ರೆ ಸಂಬಳ ಜಾಸ್ತಿ ಮಾಡಿ" ಅಂದಳು. ಪ್ರತಿ ಸಲವೂ ಚಂದ್ರಯ್ಯ ನಮ್ಮ ಸಾಲಿನ ಹತ್ತಿರ ಬಂದು, ಎಬ್ಬಿಸುವುದಕ್ಕೂ ಸಂಕೋಚಪಟ್ಟು, ಟಾರ್ಚನ್ನು ನೆಲಕ್ಕೆ ಬಿಟ್ಟುಕೊಂಡು ನಿಲ್ಲುತ್ತಿದ್ದ. ನಾವೇ ಎದ್ದು ಹೋಗುತ್ತಿದ್ದೆವು.

ಈ ಹುಡುಕಾಟದಲ್ಲೆಲ್ಲ ನೀಲು ಒಂದು ಹೆಸರನ್ನೂ ಹೇಳಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ಆನೆಗಾಗಿ ಅಷ್ಟು ಆಸೆಪಟ್ಟ ಹುಡುಗಿ ಸುಮ್ಮನೆ ಯಾಕಿದ್ದಾಳೆ? ಅವಳನ್ನು ಗಮನಿಸತೊಡಗಿದೆ. ಆಗ ಕಣ್ಣಿಗೆ ಬಿದ್ದದ್ದು ಜಡೆ. ದಿನವೂ ಬೆಳಿಗ್ಗೆ ನಾನೇ ಅವಳಿಗೆ ಎರಡು ಜಡೆ ಹೆಣೆಯುತ್ತಿದ್ದೆ. ಸಂಜೆ ಡೈರಿಗೆ ಹೋಗಿ ಹಾಲು ತರುವುದು ಅವಳ ಕೆಲಸ. ಹಾಲು ತಂದಿಟ್ಟು ಒಳಗೆ ಹೋಗುವಾಗ ಹಿಂದಿನಿಂದ ನೋಡಿದರೆ ಬೈತಲೆ ಬೇರೆಯಾಗಿತ್ತು, ಜಡೆ ಬಿಗಿಯಾಗಿತ್ತು, ತುದಿಯಲ್ಲಿ ನಾನು ಹಾಕದ ಗಂಟಿತ್ತು. ಹಿಂದೆಯೂ ಒಂದೆರಡು ಸಲ ಹೀಗೆ ಕಂಡಿದ್ದು ನೆನಪಾಯಿತು. ನನ್ನ ಜಡೆ ಚೆನ್ನಾಗಿಲ್ಲವೆಂದು ಗೆಳತಿಯರ ಹತ್ತಿರ ಹಾಕಿಸಿಕೊಳ್ಳುತ್ತಾಳೆ ಅಂದುಕೊಂಡು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಮರುದಿನ ಸಂಜೆ ಅವಳ ಹಿಂದೆಯೇ ಹೊರಟೆ. ಕದ್ದು ಹಿಂಬಾಲಿಸುವುದು ಒಳ್ಳೆಯ ಹೆಂಗಸರ ಕೆಲಸವಲ್ಲ, ನನಗೂ ಗೊತ್ತು. ಡೈರಿಯಲ್ಲಿ ಹಾಲು ಹಾಕಿಸಿಕೊಂಡ ನೀಲು ಮನೆಯ ಕಡೆ ತಿರುಗದೆ ಹಿಂದಿನ ಓಣಿಗೆ ನುಗ್ಗಿದಳು. ಅಲ್ಲೊಂದು ಹೆಂಚಿನ ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಚಣಿಗೆ ಹಿಡಿದು ಕಾಯುತ್ತಾ ಕೂತಿದ್ದರು. ನೀಲು ಹೋಗಿ ಅವರ ಕಾಲ ನಡುವೆ ಕುಳಿತು ಮಾತಾಡತೊಡಗಿದಳು. ಆ ಮಾತೇನು, ಆ ಕೈ ಆಡಿಸುವುದೇನು! ನಮ್ಮ ಮನೆಯಲ್ಲಿ ವರ್ಷಕ್ಕೆ ಆಡುವಷ್ಟು ಮಾತನ್ನು ಒಂದು ಜಡೆ ಬಿಚ್ಚಿ ಹೆಣೆಯುವಷ್ಟರಲ್ಲಿ ಆಡಿ ಮುಗಿಸಿದಳು. ಅವಳು ಹೊರಟುಹೋದ ಮೇಲೆ ನಾನು ಜಗಲಿಯ ಮುಂದೆ ಹೋಗಿ ನಿಂತೆ.

ಅವರು ದಡಬಡಿಸಿ ಎದ್ದರು. "ಬನ್ನಿ, ಬನ್ನಿ ತಾಯಿ. ಮಗೀನ ಬಯ್ಬ್ಯಾಡಿ. ನಾನೇ ಕರ್ದಿದ್ದು."

"ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಅಂದೆ.

"ಸಿದ್ದಮ್ಮಣ್ಣಿ ಅಂತ. ಶಶಿ ತಾಯಿ."

ನನ್ನ ಯಜಮಾನರ ಮೊದಲ ಹೆಂಡತಿಯ ತಾಯಿ. ಅವರು ನನಗೇನಾಗಬೇಕು? ಹತ್ತಿರದ್ದೂ ದೂರದ್ದೂ ಎಲ್ಲ ಸಂಬಂಧಕ್ಕೂ ಒಂದೊಂದು ಹೆಸರಿಟ್ಟಿರುವ ನಮ್ಮ ಜನ ಈ ಸಂಬಂಧದ ಹತ್ತಿರ ಬಂದು ಬಾಯಿ ಮುಚ್ಚಿಕೊಂಡಿದ್ದಾರೆ. ಏನೆಂದು ಕರೆಯುವುದೋ ತಿಳಿಯದೆ ಜಗಲಿಯ ತುದಿಯಲ್ಲಿ ಕೂತೆ. ಅವರು ನೀರು ತಂದುಕೊಟ್ಟರು.

"ಇದೇ ಊರಲ್ಲಿದ್ದೀರಿ, ಒಂದ್ಸಲನೂ ಮನೆ ಕಡೆ ಬರ್ಲಿಲ್ಲ" ಅಂದೆ.

"ಮದ್ವೆ ಮುಂಚೆ ದಿನಾ ಬರ್ತಿದ್ದೆ. ನೀವು ಬರೋ ಹಿಂದಿನ್ ದಿನ ನಿಮ್ಮತ್ತೆ ಬಂದು ಹೇಳಿದ್ರು, ಹೊಸ ಹುಡ್ಗಿ, ನಿಮ್ಮುನ್ ಕಂಡ್ರೆ ಮನ್ಸಿಗೆ ಒಂಥರಾ ಆಗ್ಬೌದು, ಸ್ವಲ್ಪ ದಿನ ಬರ್ಬ್ಯಾಡಿ ಅಂತ. ತಪ್ಪೇನಿಲ್ಲ ಬಿಡಿ. ನಿಮ್ಗೇ ಬ್ಯಾಡ ಅನ್ಸಿರ್ಬೇಕು ಅನ್ಕಂಡೆ."

"ನನಗೆ ನೀವು ಇರೋದೇ ಗೊತ್ತಿರ್ಲಿಲ್ಲ."

ಅವರು ನನ್ನ ಮುಖ ನೋಡಿದರು. ನಂಬಿದರೆಂದು ತೋರಿತು. ಅತ್ತೆ ನನ್ನ ಮನಸ್ಸು ಕಾಯಲು ಅವರನ್ನು ದೂರವಿಟ್ಟಿದ್ದರು, ಅವರು ನನ್ನ ಮನಸ್ಸು ಕಾಯಲು ದೂರ ಉಳಿದಿದ್ದರು, ನೀಲು ಎಲ್ಲರ ಮನಸ್ಸು ಕಾಯಲು ಬಾಯಿ ಹೊಲಿದುಕೊಂಡಿದ್ದಳು. ಇಷ್ಟು ಜನ ಸೇರಿ ಕಾದ ನನ್ನ ಮನಸ್ಸಿಗೆ ಆಗ ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು.

"ನಾಳೆ ಕೊನೇ ದಿನ. ಪಿಕ್ಚರು ಮುಂದಿನ ಊರಿಗೆ ಹೋಗುತ್ತೆ. ನೀವು ನಮ್ಮ ಸಾಲಿಗೆ ಬರ್ಬೇಕು" ಅಂದೆ.

ಅವರು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಬಿಡಿಸುತ್ತಾ ಕೂತರು. "ಮೊದಲ್ನೇ ವಾರ ನಾನೊಬ್ಳೇ ಹೋಗಿದ್ದೆ. ಒಬ್ಳದೇ ಮನೆ ಟಿಕೆಟ್ಟು ತಗಂಡು. ಪಿಕ್ಚರು ಶುರುವೇ ಆಗ್ಲಿಲ್ಲ. ಚಂದ್ರಯ್ಯ ಬರೋಕ್ ಮುಂಚೇನೇ ಎದ್ ಬಂದ್ಬುಟ್ಟೆ. ನಂಗೆ ಗೊತ್ತಲ್ಲ, ನನ್ ಸಾಲಲ್ಲಿ ಯಾರಿಲ್ಲ ಅಂತ."

"ಮತ್ತೆ ಬರೋದಕ್ಕೇನು?"

"ನನ್ ಸಾಲು ಮಗೀನ ಕೇಳ್ತು, ಸರಿ. ಮಗೀನ್ ಸಾಲು ನನ್ನ ಕೇಳ್ಬೇಕಲ್ಲ ತಾಯಿ. ನಾನ್ ಬಂದು ಕೂತು, ಆಗ್ಲೂ ಓಡ್ಲಿಲ್ಲ ಅಂದ್ರೆ? ಈಗ ದಿನಾ ಸಂಜೆ ಬರ್ತದೆ ಅನ್ನೋ ಒಂದು ಆಸೆ ಐತೆ. ಎಲ್ಲಾರ್ ಮುಂದೆ ಅದೂ ಇಲ್ಲ ಅಂತ ಆಗ್ಬುಟ್ರೆ ನಾನು ಯಾವ್ ಮುಖ ಇಟ್ಕಂಡ್ ಜಡೆ ಹಾಕ್ಲಿ?"

ಅಷ್ಟರತನಕ ನಾನು ಯಾರಿಗೂ ಹೇಳದೆ ಇದ್ದದ್ದನ್ನು ಆ ಹೆಂಗಸಿಗೆ ಹೇಳಿಬಿಟ್ಟೆ. ಒಮ್ಮೆ ಪಿಕ್ಚರು ಓಡಲಿ, ಎದ್ದು ಹೊರಗೆ ಹೋಗಿ ನೋಡುತ್ತೇನೆ, ನಾನು ಲೆಕ್ಕದಲ್ಲಿದ್ದೇನೋ ಇಲ್ಲವೋ ಎಂದು. ಅವರು ಬಾಚಣಿಗೆ ಕೆಳಗಿಟ್ಟು, ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ತಡೆಯಲಾರದೆ ನಕ್ಕರು. ನನಗೂ ನಗು ಬಂತು. ಒಂದೇ ರೋಗದ ಇಬ್ಬರು ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕಿದಂತಾಯಿತು.

"ಹುಚ್ಚುಡ್ಗಿ" ಅಂದರು. ಅಲ್ಲಿಯವರೆಗಿದ್ದ ಬನ್ನಿ, ನೀವು ಎನ್ನುವುದೆಲ್ಲ ಅಲ್ಲಿಗೇ ಬಿಟ್ಟುಹೋಯಿತು. "ಹಂಗೆಲ್ಲ ಮಾಡ್ಬ್ಯಾಡ. ಗೊತ್ತಿಲ್ದೇ ಇರೋದು ಒಳ್ಳೇದು."

"ನೀವು ನಾಳೆ ಬಂದ್ರೆ ಮಾಡಲ್ಲ" ಅಂದೆ. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಮನೆಗೆ ಬಂದು ಹೇಳಿದೆ. ಇವರು ಅಂಗಳಕ್ಕೆ ಹೋಗಿ ನಿಂತರು, ಬಹಳ ಹೊತ್ತು ಒಳಗೆ ಬರಲಿಲ್ಲ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಸ್ವಲ್ಪ ದಿನ ಅಂತ ಹೇಳಿದ್ದೆ ಕಣೆ ದಾಕ್ಷಿ, ನಿನಗೆ ಒಗ್ಗೋ ತನಕ. ಆಮೇಲೆ ಬನ್ನಿ ಅಂತ ಹೇಳೋದು ಹೇಗೆ ಅಂತ ತಿಳೀಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇಷ್ಟ್ ದಿನ ಆಗೋಯ್ತು" ಅಂದರು. ಅವರ ಕಣ್ಣು ತುಂಬಿತ್ತು. ನಾನು ಮಿಕ್ಕ ಸೊಪ್ಪನ್ನು ಬಿಡಿಸಿದೆ.

ಮರುದಿನ ಮಧ್ಯಾಹ್ನ ಸಿದ್ದಮ್ಮಣ್ಣಿ ಟಾಕೀಸಿನ ಗೇಟಿನಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟು ನಿಂತಿದ್ದರು. ಅತ್ತೆ ಹೋಗಿ ಅವರ ಕೈ ಹಿಡಿದುಕೊಂಡರು. ನೀಲು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು. ಸಾಲಿನಲ್ಲಿ ಅತ್ತೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಕೊನೆಯ ದಿನವಾದ್ದರಿಂದ ಟಾಕೀಸು ಗಿಜಿಗುಡುತ್ತಿತ್ತು, ನಮ್ಮನ್ನು ಕಂಡವರೆಲ್ಲ "ಇವತ್ತೂ ಬಂದ್ರಲ್ಲಪ್ಪ" ಎಂದು ಗೊಣಗಿದ್ದು ಕೇಳಿಸಿತು. ದೀಪ ಆರಿತು. ಸಿದ್ದಮ್ಮಣ್ಣಿ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಒಂದು ಬಳೆ ಒಡೆದುಹೋಯಿತು.

ಪರದೆ ಬೆಳಗಿತು.

ಬ್ಯಾಂಡಿನವರು ಬಂದರು, ಮರಿಯಾನೆ ಬಂತು. ಟಾಕೀಸಿನವರೆಲ್ಲ ನಮ್ಮ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಸಿದ್ದಮ್ಮಣ್ಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪಾಪ, ಆನೆ ಬಂದು ಸೇರಿ ದೊಡ್ಡದಾಗುವುದನ್ನೆಲ್ಲ ಅವರು ನೋಡಲೇ ಇಲ್ಲ. ನೀಲು ಸೀಟಿನ ತುದಿಗೆ ಬಂದು, ಮುಂದಿನ ಸಾಲಿನವರ ತಲೆಯ ಮೇಲೆ ಗಲ್ಲವಿಡುವುದೊಂದು ಬಾಕಿ, ಹಾಗೆ ಕೂತಿದ್ದಳು. ಆನೆ ಅಡುಗೆಮನೆಯ ಕಿಟಕಿಗೆ ಸೊಂಡಿಲು ಹಾಕಿ ಮುದ್ದೆ ಕದ್ದಾಗ ಅವಳು ನಕ್ಕ ಸದ್ದು ನಾನು ಅದುವರೆಗೂ ಕೇಳಿರದ ಸದ್ದು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಂತೋಷದ ಅಡಿಯಲ್ಲಿ ಆ ಹಾಳು ಪ್ರಶ್ನೆ ಕೆರೆಯುತ್ತಲೇ ಇತ್ತು. ಇವರೆಲ್ಲ ಒಬ್ಬರಿಗೊಬ್ಬರು ಬೇಕಾದವರು. ಮಗಳು, ಅಪ್ಪ, ಇಬ್ಬರು ಅಜ್ಜಿಯರು, ಸರಿಯಾದ ಲೆಕ್ಕ. ನಾನು?

ಇಂಟರ್ವಲ್ಲಿನಲ್ಲಿ ಎಲ್ಲರೂ ಹೊರಗೆ ಹೋಗುವುದರಿಂದ ಆಗ ನೋಡಿ ಪ್ರಯೋಜನವಿಲ್ಲ. ಅದು ಮುಗಿದ ಮೇಲೂ ಸಾಕಷ್ಟು ತಡೆದುಕೊಂಡೆ. ಆನೆ ಹೊಳೆಯ ದಂಡೆಗೆ ಬಂತು, ಬ್ಯಾಂಡಿನವನ ಹೆಂಡತಿ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಇನ್ನು ತಡವಾದರೆ ಪಿಕ್ಚರೇ ಮುಗಿದುಹೋಗುತ್ತದೆ, ಆಮೇಲೆ ಒಂದು ವರ್ಷ ಕಾಯಬೇಕು. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಮೆಲ್ಲಗೆ ಎದ್ದೆ. ಕತ್ತಲೆಯಲ್ಲಿ ಮಂಡಿಗಳನ್ನು ದಾಟಿಕೊಂಡು, ಬೈಸಿಕೊಂಡು, ಬಾಗಿಲು ನೂಕಿ ವರಾಂಡಕ್ಕೆ ಬಂದೆ. ರಾಚಪ್ಪನ ಮನೆಯವರು ಬೆಂಚಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರು. ಬಿಸಿಲು ಕಣ್ಣಿಗೆ ಹೊಡೆಯಿತು. ನಾನು ಕಂಬ ಹಿಡಿದು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಒಳಗೆ ಹೊಳೆ ಭೋರಿಡುತ್ತಿತ್ತು, ಇನ್ನೂ ಭೋರಿಡುತ್ತಿತ್ತು. ಆಮೇಲೆ ಎಲ್ಲವೂ ನಿಂತುಹೋಯಿತು.

ರಾಚಪ್ಪ ಕಣ್ಣು ಬಿಟ್ಟ. ಒಳಗೆ ಊರಿಗೆ ಊರೇ ಹುಯಿಲೆಬ್ಬಿಸಿತು. ತಿರುಗಿ ನೋಡಿದೆ. ಬಾಗಿಲಿನ ಹತ್ತಿರ ನೀಲು ನಿಂತಿದ್ದಳು. ಓಡಿ ಬಂದಿದ್ದಳೆಂದು ಕಾಣುತ್ತದೆ, ಏದುತ್ತಿದ್ದಳು.

"ಎಲ್ಲಿಗೆ ಹೋಗ್ತಿದೀರ ಚಿಕ್ಕಮ್ಮ?"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಹತ್ತಿರ ಹೋಗಿ ಅವಳ ಭುಜ ಹಿಡಿದುಕೊಂಡೆ. "ನೀಲೂ, ಸರಿಯಾಗಿ ಜ್ಞಾಪಿಸ್ಕೊಂಡು ಹೇಳು. ಪಿಕ್ಚರು ನಿಂತಿದ್ದು ನೀನು ಬಾಗಿಲು ದಾಟಿದ ಮೇಲಾ, ಮುಂಚೇನಾ?"

"ನಂಗೊತ್ತಿಲ್ಲ. ನಾನು ಪಿಕ್ಚರು ನೋಡ್ತಿರ್ಲಿಲ್ಲ."

"ಮತ್ತೆ ಏನ್ ನೋಡ್ತಿದ್ದೆ?"

"ನೀವು ಎದ್ದು ಹೋಗ್ತಿದ್ರಲ್ಲ" ಅಂದಳು. "ನಿಮ್ಮನ್ನೇ."

ಚಂದ್ರಯ್ಯ ಟಾರ್ಚು ಹಿಡಿದು ಹೊರಗೆ ಓಡಿ ಬಂದ, ನಮ್ಮಿಬ್ಬರನ್ನೂ ಕಂಡು, ಒಳಗೆ ಮುಖ ಮಾಡಿ ಕೂಗಿದ. "ಯಾರೂ ಹೊಡ್ದಾಡ್ಬ್ಯಾಡ್ರಪ್ಪೋ! ಗುರುಮಲ್ಲಪ್ಪನೋರ ಮನೆಯೋರು. ಇಬ್ರು ಹೊರಗವ್ರೆ!"

ಒಳಗಿನಿಂದ ನಮ್ಮ ಮನೆತನದ ಹೆಸರು ಹಿಡಿದು ಬೈಗುಳ ಬಂತು, ಶಿಳ್ಳೆ ಬಂತು, ಯಾರೋ ಕುರ್ಚಿ ಕುಟ್ಟಿದರು. ನೀಲು ನನ್ನ ಕೈ ಹಿಡಿದೆಳೆದಳು.

"ಬನ್ನಿ ಚಿಕ್ಕಮ್ಮ, ಎಲ್ಲಾರೂ ಬೈತಿದಾರೆ."

"ಬೈಲಿ ಬಿಡು" ಅಂದೆ. "ಇನ್ನೊಂಚೂರು ಬೈಲಿ."